ಕಥೆಯೊಳಗಣ ಲೋಕಗಳು

ಕಾವ್ಯಲೋಕವೆಂಬ ಮಾತನ್ನು ನಾವು ಸಾಮಾನ್ಯವಾಗಿ ಏಕವಚನದಲ್ಲಿಯೇ ಬಳಸುತ್ತೇವೆ. ಆದರೆ ಈ ಕಾಲದ ಅಮೆರಿಕದ ಕಾದಂಬರಿಕಾರರಲ್ಲಿ ಕೆಲವರಿಗೆ ಒಂದು ಲೋಕ ಸಾಲದು. 2024ರಲ್ಲಿ ತೀರಿಕೊಂಡ ಪಾಲ್ ಆಸ್ಟರ್ 2008ರಲ್ಲಿ ಪ್ರಕಟಿಸಿದ ‘ಮ್ಯಾನ್ ಇನ್ ದ ಡಾರ್ಕ್’ ಇದಕ್ಕೊಂದು ನಿದರ್ಶನ. ನಿದ್ರೆ ಬಾರದ ವೃದ್ಧ ವಿಮರ್ಶಕನೊಬ್ಬ ಕತ್ತಲಲ್ಲಿ ಮಲಗಿ, ಅಂತರ್ಯುದ್ಧದಿಂದ ಬೇಯುತ್ತಿರುವ ಬೇರೊಂದು ಅಮೆರಿಕವನ್ನು ಕಲ್ಪಿಸುತ್ತಾನೆ. ಆ ಯುದ್ಧ ನಿಲ್ಲಬೇಕಾದರೆ, ಅದನ್ನು ಕಲ್ಪಿಸುತ್ತಿರುವವನನ್ನೇ ಕೊಲ್ಲಬೇಕೆಂದು ಒಳಗಥೆಯ ನಾಯಕನಿಗೆ ಅಪ್ಪಣೆಯಾಗುತ್ತದೆ!

ಇಂಥ ರಚನೆಯನ್ನು ಬರಿಯ ಬುದ್ಧಿಯ ಕಸರತ್ತೆಂದು ತಳ್ಳಿಹಾಕುವವರುಂಟು. ನಮ್ಮ ಸೀಮೆಯವರಿಗಾದರೂ ಅದು ಅಪರಿಚಿತವಾಗಬೇಕಾಗಿಲ್ಲ. ಅರಸೀಕೆರೆಯ ಬಳಿಯ ಮಾಲೇಕಲ್ಲಿನ ಬೆಟ್ಟವನ್ನು ಜನರು ತಿರುಪತಿಯೆಂದೇ ಕರೆಯುತ್ತಾರೆ. ದೂರದ ಕ್ಷೇತ್ರವೊಂದು ಇಲ್ಲಿಯೂ ಇದೆಯೆನ್ನುವುದರಲ್ಲಿ ಅವರಿಗೆ ತೊಡಕೇನೂ ಕಾಣದು. ಇದೇ ಸೀಮೆಯ ಹಳೇಬೀಡು ಹೊಯ್ಸಳರ ಕಾಲಕ್ಕೆ ದೋರಸಮುದ್ರವೆಂಬ ರಾಜಧಾನಿ. ಅಲ್ಲಿ ಆಳಿದ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು.

ಆ ಕಾವ್ಯದಲ್ಲಿ ಮಾರಿದತ್ತ ರಾಜನು ಚಂಡಮಾರಿಗೆ ನರಬಲಿ ಕೊಡಲು ಕತ್ತಿ ಹಿಡಿದು ನಿಂತಿದ್ದಾನೆ. ಬಲಿಗೆಂದು ತಂಗಿಯೊಡನೆ ಹಿಡಿದು ತಂದ ಬಾಲಕ ಅಭಯರುಚಿಯು ತನ್ನ ಜನ್ಮಾಂತರಗಳ ಕಥೆಯನ್ನು ಹೇಳತೊಡಗುತ್ತಾನೆ. ಹಿಂದೆ ಯಶೋಧರನೆಂಬ ಅರಸನಾಗಿದ್ದಾಗ, ತಾಯಿಯ ಮಾತಿಗೆ ಒಪ್ಪಿ ಹಿಟ್ಟಿನ ಕೋಳಿಯೊಂದನ್ನು ಬಲಿಕೊಟ್ಟನಂತೆ. ಆ ಪಾಪಕ್ಕಾಗಿ ತಾಯಿಮಕ್ಕಳು ನವಿಲು ನಾಯಿಗಳಾಗಿ, ಮತ್ತೆ ಮತ್ತೆ ಪ್ರಾಣಿಗಳಾಗಿ ಹುಟ್ಟಿ ಸತ್ತರಂತೆ. ಕೊನೆಗೆ ಯಶೋಧರನು ತನ್ನ ಮಗನಿಗೇ ಮಗನಾಗಿ ಹುಟ್ಟಿದನು. ಅವನೇ ಈ ಅಭಯರುಚಿ.

‘ಹಿಟ್ಟಿನ ಕೋಳಿಗೆ ಪ್ರಾಣವೆಲ್ಲಿತ್ತು, ಸಾರ್?’ ಎಂದು ನನ್ನ ವಿದ್ಯಾರ್ಥಿಗಳು ವರ್ಷವರ್ಷವೂ ಕೇಳುತ್ತಾರೆ. ಕೋಳಿ ಕಲ್ಪಿತವಾದರೂ ಕೊಲ್ಲುವ ಮನಸ್ಸು ನಿಜವಾಗಿತ್ತು, ಸಂಕಲ್ಪಹಿಂಸೆಯೆಂದರೆ ಅದೇ, ಎಂಬುದು ನನ್ನ ಉತ್ತರ. ಕಲ್ಪನೆಯೂ ಕೊಲ್ಲಬಲ್ಲದೆಂಬ ಅರಿವಿನಲ್ಲಿ ಜನ್ನ ಮತ್ತು ಆಸ್ಟರ್ ಒಂದಾಗುತ್ತಾರೆ.

ಬೇರೆಯಾಗುವುದು ಕಥೆಯ ಫಲದಲ್ಲಿ. ಆಸ್ಟರನ ವೃದ್ಧನು ತನ್ನ ಒಳಗಥೆಯನ್ನು ನಡುವಿನಲ್ಲಿಯೇ ಮುಗಿಸಿಬಿಡುತ್ತಾನೆ. ಅವನ ಮೊಮ್ಮಗಳ ಗೆಳೆಯನು ಇರಾಕಿನಲ್ಲಿ ಹತನಾಗಿದ್ದಾನೆ. ಆ ದುಃಖವನ್ನು ಯಾವ ಕಲ್ಪಿತ ಅಮೆರಿಕವೂ ಮರೆಸಲಾರದು. ಆಮೇಲೆ ಅವನು ಮೊಮ್ಮಗಳಿಗೆ ಹೇಳುವುದು ತನ್ನ ದಾಂಪತ್ಯದ ನಿಜವಾದ ಕಥೆಯನ್ನು. ಜನ್ನನಲ್ಲಿಯೋ ಒಳಗಿನ ಕಥೆಯೇ ಹೊರಗೆ ಬಂದು ರಾಜನ ಕೈಯನ್ನು ತಡೆಯುತ್ತದೆ. ಮಾರಿದತ್ತನು ಹಿಂಸೆಯನ್ನು ತೊರೆಯುತ್ತಾನೆ, ಅಣ್ಣತಂಗಿಯರು ಉಳಿಯುತ್ತಾರೆ.

ಲೋಕದೊಳಗೊಂದು ಲೋಕವನ್ನು ಕಟ್ಟುವ ಕೌಶಲ ಅನೇಕರಿಗುಂಟು. ಸಹೃದಯರು ಆ ಲೋಕಗಳೆಷ್ಟೆಂದು ಎಣಿಸುವ ಮೊದಲು, ಕೇಳುತ್ತ ನಿಂತವನ ಕೈಯ ಕತ್ತಿ ಏನಾಯಿತೆಂದು ನೋಡಬೇಕು.