ಪೋರ್ಟ್ ತಪ್ಪಿದ ಕೇಬಲ್ ಕಲಿಸಿದ ಪಾಠ

‘ಇದರಾಗ ಎಷ್ಟು ಪೋರ್ಟ್ ಅದಾವ?’

ಇಂಟರ್ನ್‌ಶಿಪ್‌ನ ಮೊದಲ ದಿನ ಸರ್ ಕೇಳಿದ ಮೊದಲ ಪ್ರಶ್ನೆ ಇದು. ಎದುರಿಗೆ ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಬಿಳಿ ಪೆಟ್ಟಿಗೆಯೊಂದು ಮಿಣಿಮಿಣಿ ಎನ್ನುತ್ತಿತ್ತು. ಅದೇ ಫೈರ್‌ವಾಲ್. ಕಂಪ್ಯೂಟರ್ ನೆಟ್‌ವರ್ಕ್ಸ್ ವಿಷಯದಲ್ಲಿ ಒಳ್ಳೆಯ ಅಂಕ ಪಡೆದಿದ್ದ ನಾನು ತಡಮಾಡದೆ ಉತ್ತರಿಸಿದೆ: ‘65,536 ಸರ್.’

ಸರ್ ಜೋರಾಗಿ ನಕ್ಕರು. ‘ಅಷ್ಟು ಇದ್ದಿದ್ರ ಇದನ್ನ ಇಡಾಕ ಗೋಲಗುಮ್ಮಟನ ಬೇಕಾಗ್ತಿತ್ತು ತಂಗಿ. ಎಣಿಸು.’

ಎಣಿಸಿದೆ. ವ್ಯಾನ್ ಎರಡು, ಲ್ಯಾನ್ ಐದು, ಕನ್ಸೋಲ್ ಒಂದು, ಯುಎಸ್‌ಬಿ ಒಂದು. ಒಟ್ಟು ಒಂಬತ್ತು.

ಪುಸ್ತಕದ ಪ್ರಕಾರ ನಾನು ಹೇಳಿದ್ದು ಪೂರ್ತಿ ತಪ್ಪಲ್ಲ. ಟಿಸಿಪಿಯಲ್ಲಿ 0ಯಿಂದ 65,535ರವರೆಗೆ ಪೋರ್ಟ್ ಸಂಖ್ಯೆಗಳಿವೆ. ಸುರಕ್ಷಿತ ವೆಬ್‌ಸೈಟಿಗೆ 443, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ 22. ಆದರೆ ಅವು ದತ್ತಾಂಶದ ಪ್ಯಾಕೆಟ್ ಮೇಲೆ ಬರೆದಿರುವ ಅಂಕಿಗಳು ಮಾತ್ರ. ಸರ್ ಕೇಳಿದ್ದು ವೈರ್ ಸಿಗಿಸುವ ಕಿಂಡಿಗಳ ಬಗ್ಗೆ. ಮೂರು ವರ್ಷ ಎಂಜಿನಿಯರಿಂಗ್ ಓದಿದ ನಾನು ಫೈರ್‌ವಾಲನ್ನು ಕಣ್ಣಿಂದ ನೋಡಿದ್ದು ಅಂದೇ ಮೊದಲು. ನಮ್ಮ ಪುಸ್ತಕಗಳಲ್ಲಿ ಅದು ಇಟ್ಟಿಗೆ ಗೋಡೆಯ ಒಂದು ಚಿತ್ರ, ಅಷ್ಟೇ.

ಆ ನಗೆಯನ್ನು ನಾನು ಮರೆತುಬಿಡುತ್ತಿದ್ದೆನೇನೋ. ಎರಡು ವಾರದ ನಂತರ ನಡೆದದ್ದನ್ನು ಮಾತ್ರ ಮರೆಯಲಾಗಿಲ್ಲ.

ಅದು ವಿಜಯಪುರದ ಒಂದು ಕಚೇರಿ. ರೈತರು ಸಾಲ, ಠೇವಣಿ ಎಂದು ದಿನವಿಡೀ ಬಂದು ಹೋಗುವ ಜಾಗ. ಸರ್ ಬೇರೆ ಊರಿಗೆ ಹೋಗಿದ್ದರು. ಬೇಸಿಗೆ ಬೇರೆ. ಫೈರ್‌ವಾಲ್ ಇದ್ದ ಗೋಡೆ ಕಪಾಟಿನಲ್ಲಿ ಬೆರಳಿಡುವಷ್ಟು ದೂಳು. ಒಳ್ಳೆಯ ಕೆಲಸ ಮಾಡೋಣವೆಂದು ಒಂದೊಂದೇ ಕೇಬಲ್ ಬಿಚ್ಚಿ, ಒರೆಸಿ, ಮತ್ತೆ ಸಿಗಿಸಿದೆ. ಎಲ್ಲವೂ ‘ಟಕ್’ ಎಂದು ಕೂತವು. ಹತ್ತೇ ನಿಮಿಷದಲ್ಲಿ ಕೌಂಟರಿನಿಂದ ಕೂಗು: ‘ನೆಟ್ ಹೋತು!’

ಕಲಿತದ್ದನ್ನೆಲ್ಲ ಪ್ರಯೋಗಿಸಿದೆ. ಪಿಂಗ್ ಮಾಡಿದೆ, ಡಿಎನ್‌ಎಸ್ ಬದಲಿಸಿದೆ, ಫೈರ್‌ವಾಲಿನ ನಿಯಮಗಳನ್ನು ಒಂದೊಂದಾಗಿ ಓದಿದೆ, ಪೆಟ್ಟಿಗೆಯನ್ನೇ ಎರಡು ಸಲ ಆರಿಸಿ ಹಚ್ಚಿದೆ. ಸಾಲು ಬಾಗಿಲವರೆಗೆ ಬೆಳೆಯಿತು. ಮುಂದೆ ನಿಂತಿದ್ದ ಹಿರಿಯರೊಬ್ಬರು ನನ್ನ ಹತ್ತಿರ ಬಂದು ಕೇಳಿದರು: ‘ಯವ್ವಾ, ಇನ್ನ ಎಷ್ಟೊತ್ತು ಆಗ್ತೈತಿ? ಮೊಮ್ಮಗಳ ಫೀಸ್ ಕಟ್ಟಾಕ ಇವತ್ತ ಕಡೀ ದಿನ.’

‘ಸರ್ವರ್ ಡೌನ್ ಐತ್ರಿ ಮುತ್ಯಾ’ ಎಂದೆ.

ನಲವತ್ತು ನಿಮಿಷದ ನಂತರ ಸರ್ ಫೋನಿಗೆ ಸಿಕ್ಕರು. ನಾನು ಡಿಎನ್‌ಎಸ್ ಬಗ್ಗೆ ಹೇಳತೊಡಗಿದಾಗ ತಡೆದು ಕೇಳಿದರು: ‘ಅದೆಲ್ಲ ಬಿಡು. ವ್ಯಾನ್ ಒಂದರ ಮ್ಯಾಲೆ ಲೈಟ್ ಐತೇನು?’ ಇರಲಿಲ್ಲ. ಆ ಕಿಂಡಿಯೇ ಖಾಲಿ ಇತ್ತು. ಹೊರಗಿನ ಇಂಟರ್ನೆಟ್ ತರುವ ಕೇಬಲ್ಲನ್ನು ನಾನು ಪಕ್ಕದ ಕನ್ಸೋಲ್ ಕಿಂಡಿಗೆ ಹಾಕಿದ್ದೆ. ಬದಲಿಸಿದ ಐದು ಸೆಕೆಂಡಿನಲ್ಲಿ ಹಸಿರು ದೀಪ ಹತ್ತಿತು.

ಅಂದು ರಾತ್ರಿ ಕೂತು ಆ ಪೆಟ್ಟಿಗೆಯ ಕೈಪಿಡಿಯನ್ನು ಮೊದಲಿಂದ ಕೊನೆವರೆಗೆ ಓದಿದೆ. ನನ್ನಂತೆ ಕೆಲಸ ಹುಡುಕುವವರಿಗೆ ಉಪಯೋಗವಾದೀತೆಂದು ಅದರ ಸಾರವನ್ನು ಇಲ್ಲಿ ಹೇಳುತ್ತೇನೆ.

ನನ್ನನ್ನು ಕೆಡವಿದ ಕನ್ಸೋಲ್ ಪೋರ್ಟ್ ಸಾಮಾನ್ಯ ನೆಟ್ ಕಿಂಡಿಯ ಹಾಗೆಯೇ, ಆರ್‌ಜೆ-45 ಆಕಾರದಲ್ಲಿರುತ್ತದೆ. ಒಳಗೆ ಮಾತ್ರ ಅದು ಹಳೆಯ ಕಾಲದ ಸೀರಿಯಲ್ ಸಂಪರ್ಕ. ಸಾಮಾನ್ಯವಾಗಿ 9600 ಬಾಡ್ ವೇಗದಲ್ಲಿ, ತಿಳಿನೀಲಿ ಬಣ್ಣದ ಚಪ್ಪಟೆ ಕೇಬಲ್ ಮೂಲಕ ಲ್ಯಾಪ್‌ಟಾಪ್ ಜತೆ ಮಾತಾಡುತ್ತದೆ. ಇಂಟರ್ನೆಟ್ ಇಲ್ಲಿಂದ ಹಾಯುವುದೇ ಇಲ್ಲ. ಐಪಿ ವಿಳಾಸ ಕೆಟ್ಟು, ಉಳಿದ ದಾರಿಗಳೆಲ್ಲ ಮುಚ್ಚಿದಾಗ ಪೆಟ್ಟಿಗೆಯೊಳಗೆ ಹೋಗಲು ಉಳಿಯುವ ಹಿತ್ತಲ ಬಾಗಿಲು ಇದು.

‘ವ್ಯಾನ್’ ಎಂದರೆ ಗಾಡಿಯಲ್ಲ, ಹೊರಗಿನ ಇಂಟರ್ನೆಟ್ ಬಂದು ಸೇರುವ ಕಿಂಡಿ. ‘ಲ್ಯಾನ್’ ನಮ್ಮ ಕಂಪ್ಯೂಟರುಗಳ ಕಡೆಗೆ. ಹೊರಗಿನವರೂ ನೋಡಬೇಕಾದ ಸರ್ವರ್ ಇದ್ದರೆ ಅದಕ್ಕೆ ‘ಡಿಎಂಝಡ್’ ಎಂಬ ಪ್ರತ್ಯೇಕ ಪಡಸಾಲೆ. ದೊಡ್ಡ ಫೈರ್‌ವಾಲ್‌ಗಳಲ್ಲಿ ಇನ್ನೂ ಕೆಲವು ಕಿಂಡಿಗಳಿರುತ್ತವೆ. ‘ಎಂಜಿಎಂಟಿ’ ಎಂಬುದು ಆಡಳಿತಕ್ಕೆ ಮಾತ್ರ. ‘ಎಚ್‌ಎ’ ಎಂಬುದು ಎರಡು ಫೈರ್‌ವಾಲ್‌ಗಳನ್ನು ಜೋಡಿಸುತ್ತದೆ. ಒಂದು ಸತ್ತರೆ ಇನ್ನೊಂದು ಕೆಲಸ ವಹಿಸಿಕೊಳ್ಳುತ್ತದೆ. ತಾಮ್ರದ ನೆಟ್ ಕೇಬಲ್ 100 ಮೀಟರ್ ದಾಟಬಾರದು. ಅದಕ್ಕಿಂತ ದೂರಕ್ಕೆ ಫೈಬರ್ ಬೇಕು. ಅದನ್ನು ಸೇರಿಸುವ ಚೌಕದ ಗೂಡಿಗೆ ಎಸ್‌ಎಫ್‌ಪಿ ಎನ್ನುತ್ತಾರೆ. ಎಸ್‌ಎಫ್‌ಪಿಯಲ್ಲಿ ಸೆಕೆಂಡಿಗೆ 1 ಗಿಗಾಬಿಟ್, ಎಸ್‌ಎಫ್‌ಪಿ ಪ್ಲಸ್‌ನಲ್ಲಿ 10 ಗಿಗಾಬಿಟ್ ವೇಗ. ಸೂಜಿ ಹೋಗುವಷ್ಟು ಸಣ್ಣ ‘ರೀಸೆಟ್’ ರಂಧ್ರ ಕಂಡರೆ ಕುತೂಹಲಕ್ಕೂ ಒತ್ತಬೇಡಿ. ವರ್ಷಗಳಿಂದ ಬರೆದಿಟ್ಟ ನಿಯಮಗಳೆಲ್ಲ ಅಳಿಸಿಹೋಗಬಹುದು.

ಒಳಗೇನಿದೆ? ಒಂದು ಕಂಪ್ಯೂಟರೇ ಇದೆ. 1995ರಲ್ಲಿ ಸಿಸ್ಕೊ ಕಂಪನಿ ಒಂದು ಸಣ್ಣ ಕಂಪನಿಯನ್ನು ಕೊಂಡು ಮಾರತೊಡಗಿದ ‘ಪಿಕ್ಸ್’ ಎಂಬ ಹಳೆಯ ಫೈರ್‌ವಾಲ್ ಒಳಗೂ ಇದ್ದದ್ದು ಇಂಟೆಲ್ ಪ್ರೊಸೆಸರ್. ಇಂದಿನವುಗಳಲ್ಲಿ ಪ್ರೊಸೆಸರ್ ನಿಯಮಗಳನ್ನು ಪರಿಶೀಲಿಸುತ್ತದೆ. ಯಾರು ಯಾರೊಡನೆ ಸಂಪರ್ಕದಲ್ಲಿದ್ದಾರೆ ಎಂಬ ಪಟ್ಟಿ ರ‍್ಯಾಮ್‌ನಲ್ಲಿರುತ್ತದೆ. ಫ್ಲ್ಯಾಶ್ ಮೆಮೊರಿಯಲ್ಲಿ ಆಪರೇಟಿಂಗ್ ಸಿಸ್ಟಂ ಇರುತ್ತದೆ. ಪ್ಯಾಕೆಟ್‌ಗಳನ್ನು ವೇಗವಾಗಿ ದಾಟಿಸಲು ಕೆಲವು ಕಂಪನಿಗಳು ‘ಏಸಿಕ್’ ಎಂಬ ವಿಶೇಷ ಚಿಪ್ ಹಾಕುತ್ತವೆ. ಕೆಲವು ಮಾದರಿಗಳಲ್ಲಿ ಲಾಗ್ ಬರೆದಿಡಲು ಎಸ್‌ಎಸ್‌ಡಿಯೂ ಇರುತ್ತದೆ. ಲಾಗ್ ಎಂದರೆ ಹಗುರವಲ್ಲ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು.

ಇನ್ನೊಂದು ಮಾತು ನಮ್ಮ ಭಾಗದವರಿಗೆ. ಸಣ್ಣ ಫೈರ್‌ವಾಲ್‌ಗಳಿಗೆ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನು ಮಿತಿಯಾಗಿ ಹೇಳಿರುತ್ತಾರೆ. ನಮ್ಮ ಮೇ ತಿಂಗಳು ಅದನ್ನು ಹೊರಗಡೆಯೇ ದಾಟುತ್ತದೆ. ಗಾಳಿಯಾಡದ, ದೂಳು ತುಂಬಿದ ಕಪಾಟಿನಲ್ಲಿ ಪೆಟ್ಟಿಗೆಯ ಗತಿ ಏನಾಗಬೇಡ? ಹಾಗಾಗಿ ದೂಳು ಒರೆಸಿದ್ದು ನನ್ನ ತಪ್ಪಲ್ಲ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆಯದಿದ್ದದ್ದು ತಪ್ಪು.

ಮರುವಾರ ಜೈನಾಪುರಕ್ಕೆ ಬಂದಾಗ ಅಪ್ಪನ ಮುಂದೆ ಈ ಕಥೆ ಹೇಳಿದೆ. ಅವರು ನಕ್ಕು ಡ್ರಿಪ್ ಫಿಲ್ಟರ್ ತೋರಿಸಿದರು. ನೀರು ಬರದಿದ್ದರೆ ಅಪ್ಪ ಮೊದಲು ಸಾಲುಗಳಿಗೆ ಹೋಗುವುದಿಲ್ಲ. ಮೋಟರ್ ಓಡುತ್ತಿದೆಯೇ, ಫಿಲ್ಟರಿನ ಆಚೆ ಈಚೆ ಒತ್ತಡ ಎಷ್ಟಿದೆ, ವಾಲ್ವ್ ತೆರೆದಿದೆಯೇ ಎಂದು ನೋಡುತ್ತಾರೆ. ಕೊನೆಗೆ ಗಿಡದ ಬುಡದ ತೂತು. ಏಳು ಪದರಗಳ ಒಎಸ್‌ಐ ಮಾದರಿಯನ್ನು ಬಾಯಿಪಾಠ ಒಪ್ಪಿಸುವ ನಾನು ಮೇಲಿನ ಪದರದಿಂದ ಹುಡುಕಿದ್ದೆ. ಅಪ್ಪ ಆ ಹೆಸರನ್ನೇ ಕೇಳದೆ ಮೊದಲ ಪದರದಿಂದ ಶುರು ಮಾಡುತ್ತಾರೆ.

ಗೆಳೆಯರೇ, ನಿಮ್ಮ ಕಾಲೇಜಿನಲ್ಲಿ ಫೈರ್‌ವಾಲ್ ಇದ್ದೇ ಇರುತ್ತದೆ. ಲ್ಯಾಬ್ ಸಿಬ್ಬಂದಿಯನ್ನು ಕೇಳಿ, ಒಮ್ಮೆ ಕಣ್ಣಾರೆ ನೋಡಿ. ಅದೂ ಆಗದಿದ್ದರೆ ಎರಡು ನೆಟ್‌ವರ್ಕ್ ಕಾರ್ಡ್ ಇರುವ ಹಳೆಯ ಕಂಪ್ಯೂಟರಿಗೆ ಪಿಎಫ್‌ಸೆನ್ಸ್ ಅಥವಾ ಒಪಿಎನ್‌ಸೆನ್ಸ್ ಹಾಕಿಕೊಳ್ಳಿ, ಎರಡೂ ಉಚಿತ. ಒಂದು ಕಾರ್ಡ್ ವ್ಯಾನ್, ಇನ್ನೊಂದು ಲ್ಯಾನ್. ಸಿಸ್ಕೊದ ಪ್ಯಾಕೆಟ್ ಟ್ರೇಸರ್‌ನಲ್ಲೂ ಕನ್ಸೋಲ್ ಕೇಬಲ್ ಎಳೆದು ಅಭ್ಯಾಸ ಮಾಡಬಹುದು.

ಆ ಹಿರಿಯರು ಹಣ ಎಣಿಸದೆಯೇ ಕಿಸೆಗಿಟ್ಟು ಓಡಿದ್ದು ಇನ್ನೂ ಕಣ್ಣಮುಂದಿದೆ. ಅವರಿಗೆ ಬಸ್ ಸಿಕ್ಕಿತೋ, ಫೀಸ್ ಕಟ್ಟಿದರೋ ನನಗೆ ಇಂದಿಗೂ ಗೊತ್ತಿಲ್ಲ. ಸರ್ವರ್ ಡೌನ್ ಆಗಿರಲಿಲ್ಲ ಮುತ್ಯಾ, ತಪ್ಪು ನನ್ನದು ಎಂದು ಹೇಳಲು ಅಂದು ಬಾಯಿ ಬರಲಿಲ್ಲ.

ಮರುದಿನ ಸರ್ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಒಂದು ಬಿಳಿ ಟೇಪು, ಒಂದು ಮಾರ್ಕರ್ ಕೈಗಿಟ್ಟರು. ಪ್ರತಿ ಕೇಬಲ್ಲಿನ ಎರಡೂ ತುದಿಗೆ ಹೆಸರು ಬರೆದು ಅಂಟಿಸಿದೆ. ಕನ್ಸೋಲ್ ಕಿಂಡಿಯ ಮೇಲೆ ಮಾತ್ರ ಉದ್ದದ ಚೀಟಿ: ‘ಇಲ್ಲಿ ನೆಟ್ ವೈರ್ ಹಾಕಬ್ಯಾಡ್ರಿ.’