ಸವಳು ನೀರಿನ ಕೆಂಪು ಸೀಗಡಿ

ಆಕಳು ಹಸಿದರೆ ಕೂಗುವದು; ನಾಯಿ ಬಾಯಾರಿದರೆ ಬಂದು ಕಾಲ ಬಳಿ ನಿಲ್ಲುವದು. ಕೂಗದೆ, ಬೇಡದೆ, ಸುಮ್ಮನೆ ಸಾಯುವ ಜೀವಿಯನ್ನು ಸಾಕುವದೇ ಗೃಹಸ್ಥನ ನಿಜವಾದ ಪರೀಕ್ಷೆಯು. ಅಂಥದೊಂದು ಜೀವಿಯು ಈಗ ನಮ್ಮ ಮನೆಗಳ ಗಾಜಿನ ತೊಟ್ಟಿಗಳಿಗೂ ಬರುವ ಕಾಲವಾಗಿರುವದರಿಂದ, ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಇದು ಹವಾಯಿ ದ್ವೀಪಗಳ ಕೆಂಪು ಸೀಗಡಿಯು. ಅಲ್ಲಿಯ ಜನರು ಇದನ್ನು 'ಓಪೇ ಊಲಾ' ಎನ್ನುವರು. ಓಪೇ ಎಂದರೆ ಸೀಗಡಿ, ಊಲಾ ಎಂದರೆ ಕೆಂಪು. 1963ರಲ್ಲಿ ಹಾಲೆಂಡಿನ ಶಾಸ್ತ್ರಜ್ಞರಾದ ಹೋಲ್ಥೈಸರು ಇದಕ್ಕೆ 'ಹ್ಯಾಲೊಕ್ಯಾರಿಡಿನಾ ರೂಬ್ರಾ' ಎಂದು ಹೆಸರಿಟ್ಟರು. ಉದ್ದವು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಆಯುಷ್ಯವು ದೊಡ್ಡದು. ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷಗಳಿಗೂ ಮಿಕ್ಕಿ ಬದುಕುವದು. ಜ್ವಾಲಾಮುಖಿಯ ಕಲ್ಲುಗಳ ನಡುವಿನ ಹೊಂಡಗಳಲ್ಲಿ, ನೆಲದೊಳಗಿನಿಂದ ಒಸರುವ ಕಡಲ ನೀರೂ ಸಿಹಿನೀರೂ ಬೆರೆತಲ್ಲಿ, ಪಾಚಿಯನ್ನೂ ಸೂಕ್ಷ್ಮಜೀವಿಗಳನ್ನೂ ಮೇಯ್ದು ಇದು ಜೀವಿಸುತ್ತದೆ.

ಘಟಪ್ರಭೆಯ ದಂಡೆಯ ಅನಗವಾಡಿಯಂಥ ಊರಿನವರಿಗೆ ಸವಳು ನೀರೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಇಲ್ಲಿಯೇ ಮೋಸ ಹೋಗುವ ಸಂಭವವಿದೆ. ನಮ್ಮ ಹೊಲಬಾವಿಯ ಸವಳು ಬೇರೆ, ಕಡಲಿನ ಉಪ್ಪು ಬೇರೆ. ಬಾವಿಯ ನೀರಿನಲ್ಲಿ ಲವಣಗಳ ಪ್ರಮಾಣವು ನೆಲಕ್ಕೆ ತಕ್ಕಂತೆ ಇರುವದೇ ಹೊರತು ಕಡಲಿನಂತೆ ಇರುವದಿಲ್ಲ. ಅಡಿಗೆಯ ಉಪ್ಪೂ ಸಲ್ಲದು. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಸಮುದ್ರ ಲವಣದ ಮಿಶ್ರಣವನ್ನೇ ತರಬೇಕು. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುವದು. ಈ ಸೀಗಡಿಗೆ ಅದರ ಅರ್ಧ, ಎಂದರೆ 17 ಗ್ರಾಂ ಸಾಕು. ಶುದ್ಧ ಕುಡಿಯುವ ನೀರಿನ ಘಟಕದ ನೀರಿನಲ್ಲಿ ಇದನ್ನು ಕರಗಿಸುವದು ಉತ್ತಮ.

ಇನ್ನು ಬೇಸಿಗೆಯ ಲೆಕ್ಕವನ್ನು ನೋಡಿರಿ. ಹತ್ತು ಲೀಟರಿನ ತೊಟ್ಟಿಯಲ್ಲಿ 170 ಗ್ರಾಂ ಲವಣವಿದೆಯೆನ್ನೋಣ. ಎರಡು ಲೀಟರ್ ನೀರು ಆರಿಹೋದರೆ ಲವಣವು ಆರಿಹೋಗದು. ಉಳಿದ ಎಂಟು ಲೀಟರಿನಲ್ಲಿ ಲೀಟರಿಗೆ 21 ಗ್ರಾಂ ಆಗುವದು. ಆಗ ಉಪ್ಪುನೀರನ್ನೇ ಸುರಿದರೆ ಲವಣವು ತಿಂಗಳು ತಿಂಗಳು ಏರುತ್ತ ಹೋಗುವದು. ಆದುದರಿಂದ ಆರಿದಷ್ಟು ಸಿಹಿನೀರನ್ನು ಮಾತ್ರ ಹನಿಹನಿಯಾಗಿ ತುಂಬಬೇಕು. ಗಾಜಿಗೆ ಒಂದು ಗೆರೆಯನ್ನು ಎಳೆದಿಟ್ಟರೆ ಮನೆಯ ಮಕ್ಕಳೂ ಈ ಕೆಲಸವನ್ನು ತಪ್ಪದೆ ಮಾಡುವರು.

ನಮ್ಮ ಕಡೆಯ ವೈಶಾಖದ ಬಿಸಿಲು ನಲವತ್ತು ಡಿಗ್ರಿಯನ್ನು ಮುಟ್ಟುವದು. ಈ ಜೀವಿಗೆ ಇಪ್ಪತ್ತರಿಂದ ಇಪ್ಪತ್ತೇಳರ ತನಕ ಹಿತ. ತಗಡಿನ ಮಾಡಿನ ಕೆಳಗೆ ತೊಟ್ಟಿಯನ್ನಿಡದೆ, ದಪ್ಪ ಗೋಡೆಯ ನಡುಮನೆಯಲ್ಲಿ, ನೀರು ತುಂಬಿದ ಅಗಲವಾದ ಪರಾತದೊಳಗೆ ಇಟ್ಟು, ಹೊರಮೈಗೆ ಒದ್ದೆ ಅರಿವೆಯನ್ನು ಸುತ್ತಬೇಕು. ನೇರ ಬಿಸಿಲು ಬೇಡ, ಮೃದುವಾದ ಬೆಳಕು ಬೇಕು. ಪಾಚಿಯ ತೆಳುಪದರ ಹಬ್ಬುವ ತನಕ ಕೆಲವು ವಾರ ಕಾಯ್ದು, ಆಮೇಲೆ ಹತ್ತಿಪ್ಪತ್ತು ಸೀಗಡಿಗಳನ್ನು ಬಿಡುವದು. ಅನ್ನ, ರೊಟ್ಟಿಗಳನ್ನು ಹಾಕಲೇಬಾರದು, ನೀರು ಕೊಳೆಯುವದು. ಕಳಚಿದ ಪೊರೆಯನ್ನು ಕಂಡು ಸತ್ತಿತೆಂದು ಹೆದರಬೇಕಾಗಿಲ್ಲ. ಅದನ್ನು ಅಲ್ಲಿಯೇ ಬಿಡಬೇಕು.

ತಾಮ್ರದ ಕೊಡದ ನೀರು ನಮಗೆ ಹಿತವೆನಿಸಬಹುದು. ಸೀಗಡಿಗೆ ತಾಮ್ರವು ವಿಷವು. ಸೊಳ್ಳೆಗೆ ಹೊಡೆಯುವ ಔಷಧವೂ, ಬೆಳೆಗೆ ಸಿಂಪಡಿಸಿ ಬಂದ ಕೈಗಳೂ ಅಷ್ಟೇ ಅಪಾಯಕಾರಿಗಳು.

ಈ ಸೀಗಡಿಗಳನ್ನು ಗಾಜಿನ ಮುಚ್ಚಿದ ಗೋಳದಲ್ಲಿ ತುಂಬಿ, ಆರೈಕೆಯೇ ಬೇಡದ ಅಲಂಕಾರವೆಂದು ಮಾರುವದುಂಟು. ಹಸಿವನ್ನು ತಾಳಬಲ್ಲ ಜೀವಿಯಾದ್ದರಿಂದ ಅದು ಅಲ್ಲಿ ಬಹುಕಾಲ ಸಾಯದೆ ಇರುವದು. ಸಾಯದೆ ಇರುವದು ಬೇರೆ, ಬಾಳುವದು ಬೇರೆ. ತೆರೆದ ತೊಟ್ಟಿಯಲ್ಲಿ ನೆಮ್ಮದಿಯಾಗಿರುವ ಹೆಣ್ಣು ಸೀಗಡಿಯು ಹೊಟ್ಟೆಯಡಿಯಲ್ಲಿ ಕೆಂಪು ತತ್ತಿಗಳನ್ನು ಹೊತ್ತು ತಿರುಗುವದು. ಅದನ್ನು ನೋಡಿದ ಮಗುವಿಗೆ ದಯೆಯ ಪಾಠವನ್ನು ಬೇರೆ ಹೇಳಬೇಕಾಗಲಾರದು.

ಕಡೆಯ ಮಾತು. ಬೇಸರವಾಯಿತೆಂದು ಯಾವ ಪರಜೀವಿಯನ್ನೂ ಘಟಪ್ರಭೆಗಾಗಲಿ ಆಲಮಟ್ಟಿಯ ಹಿನ್ನೀರಿಗಾಗಲಿ ಬಿಡಬಾರದು. ಹವಾಯಿಯಲ್ಲಿ ಹೊರಗಿನಿಂದ ತಂದ ಗಪ್ಪಿ, ತಿಲಾಪಿಯಾ ಮೀನುಗಳನ್ನು ಹೊಂಡಗಳಲ್ಲಿ ಬಿಟ್ಟುದರಿಂದಲೇ ಎಷ್ಟೋ ಕಡೆ ಈ ಕೆಂಪು ಸೀಗಡಿಗಳು ಹಗಲಿನಲ್ಲಿ ಕಲ್ಲಿನ ಬಿರುಕುಗಳನ್ನು ಬಿಟ್ಟು ಹೊರಬಾರದಂತಾದವು. ಸಾಕಲಾರದವರು ಸಾಕುವವರಿಗೆ ಕೊಡಲಿ. ತರುವ ಮೊದಲು ಹತ್ತು ವರ್ಷದ ಹೊಣೆಯನ್ನು ನೆನೆದು ತರುವದೇ ಎಲ್ಲಕ್ಕಿಂತ ಲೇಸು.