ಸಮುದ್ರತಳದ ಇಂಗಾಲ ಸಂಗ್ರಹಣೆಯ ಸೋರಿಕೆ ಮೇಲ್ವಿಚಾರಣೆ

ಸಮುದ್ರತಳದ ಇಂಗಾಲ ಸಂಗ್ರಹಣೆಯ ಸೋರಿಕೆ ಮೇಲ್ವಿಚಾರಣೆ ಎಂದರೆ ಸಮುದ್ರತಳದ ಅಡಿಯ ಶಿಲಾಸ್ತರಗಳಲ್ಲಿ ತುಂಬಿಟ್ಟ ಇಂಗಾಲದ ಡೈಆಕ್ಸೈಡ್ ಮೇಲಕ್ಕೆ ಸೋರುತ್ತಿದೆಯೇ ಎಂಬುದನ್ನು ಪತ್ತೆಹಚ್ಚುವ ಕಾರ್ಯ. ಸೋರಿದ ಅನಿಲ ನೀರಿನಲ್ಲಿ ಕರಗಿ ಆಮ್ಲೀಯತೆಯನ್ನು ಹೆಚ್ಚಿಸುತ್ತದೆ. ಇದರಿಂದ ಚಿಪ್ಪುಳ್ಳ ಜೀವಿಗಳಿಗೆ ಹಾನಿಯಾಗಬಹುದು; ಸಂಗ್ರಹಣೆಯ ಮೂಲ ಉದ್ದೇಶವೂ ವಿಫಲವಾಗುತ್ತದೆ.

ಹಿನ್ನೆಲೆ

ಉತ್ತರ ಸಮುದ್ರದಲ್ಲಿರುವ ನಾರ್ವೆಯ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಿಂದ ಇಂಗಾಲದ ಡೈಆಕ್ಸೈಡನ್ನು ಉಟ್ಸಿರಾ ಎಂಬ ಮರಳುಶಿಲೆಯ ಸ್ತರಕ್ಕೆ ತುಂಬಲಾಗುತ್ತಿದೆ. ಆ ಆಳದ ಒತ್ತಡದಲ್ಲಿ ಅನಿಲವು ಬಹುಮಟ್ಟಿಗೆ ದ್ರವದಷ್ಟು ಸಾಂದ್ರವಾಗಿದ್ದರೂ ಸ್ತರದಲ್ಲಿರುವ ಉಪ್ಪುನೀರಿಗಿಂತ ಹಗುರವಾಗಿರುವುದರಿಂದ ಮೇಲಕ್ಕೆ ಏರುತ್ತದೆ. ಮೇಲಿರುವ ಜೇಡಿಶಿಲೆಯ ಪದರ ಅದನ್ನು ತಡೆದು ಹಿಡಿಯುತ್ತದೆ. ಶಿಲೆಯ ಬಿರುಕುಗಳು ಹಾಗೂ ಸರಿಯಾಗಿ ಮುಚ್ಚದ ಹಳೆಯ ಕೊಳವೆಬಾವಿಗಳು ಸೋರಿಕೆಯ ಸಂಭಾವ್ಯ ಮಾರ್ಗಗಳಾಗಿವೆ.

ವಿಧಾನಗಳು

ಕಂಪನ ಅಲೆಗಳ ಸಮೀಕ್ಷೆಯನ್ನು ಕೆಲವು ವರ್ಷಗಳಿಗೊಮ್ಮೆ ಪುನರಾವರ್ತಿಸಿ, ಅನಿಲವು ಭೂಗರ್ಭದಲ್ಲಿ ಎಲ್ಲಿಗೆ ಹರಡಿದೆ ಎಂಬುದನ್ನು ಗುರುತಿಸಲಾಗುತ್ತದೆ. ಸಮುದ್ರತಳದಲ್ಲಿ ಸೋನಾರ್ ಮತ್ತು ಜಲಧ್ವನಿಗ್ರಾಹಕಗಳು ಗುಳ್ಳೆಗಳನ್ನು ಪತ್ತೆಹಚ್ಚುತ್ತವೆ. ಸಂವೇದಕಗಳು ನೀರಿನ ಆಮ್ಲೀಯತೆಯನ್ನು ಅಳೆಯುತ್ತವೆ.

2012ರಲ್ಲಿ ಸ್ಕಾಟ್ಲೆಂಡ್‌ನ ಓಬನ್ ಸಮೀಪದ ಕೊಲ್ಲಿಯಲ್ಲಿ, ಸಮುದ್ರತಳದಿಂದ 11 ಮೀಟರ್ ಕೆಳಗೆ, 37 ದಿನಗಳಲ್ಲಿ 4.2 ಟನ್ ಅನಿಲವನ್ನು ಉದ್ದೇಶಪೂರ್ವಕವಾಗಿ ಬಿಡಲಾಯಿತು. ಅದರಲ್ಲಿ ಸುಮಾರು ಶೇಕಡ 15ರಷ್ಟು ಮಾತ್ರ ಗುಳ್ಳೆಗಳಾಗಿ ಹೊರಬಂದಿತು. ಆದ್ದರಿಂದ ಗುಳ್ಳೆಗಳ ಎಣಿಕೆಯಿಂದಲೇ ಸೋರಿಕೆಯ ಪ್ರಮಾಣವನ್ನು ನಿರ್ಧರಿಸಲಾಗದು. 2019ರಲ್ಲಿ ಉತ್ತರ ಸಮುದ್ರದ ಗೋಲ್ಡನ್‌ಐ ಪ್ರದೇಶದಲ್ಲಿ, ಸುಮಾರು 120 ಮೀಟರ್ ಆಳದ ನೀರಿನಲ್ಲಿ, ಇಂತಹದೇ ಪ್ರಯೋಗ ನಡೆಯಿತು. ಅಲ್ಲಿ 675 ಕಿಲೋಗ್ರಾಂ ಅನಿಲವನ್ನು ದಿನಕ್ಕೆ 6ರಿಂದ 143 ಕಿಲೋಗ್ರಾಂ ದರದಲ್ಲಿ ಬಿಟ್ಟು ಉಪಕರಣಗಳನ್ನು ಪರೀಕ್ಷಿಸಲಾಯಿತು.

ಸುಳ್ಳು ಎಚ್ಚರಿಕೆಯ ಸಮಸ್ಯೆ

ಜೀವಿಗಳ ಉಸಿರಾಟ, ಋತುಮಾನ ಮತ್ತು ಪ್ರವಾಹಗಳಿಂದಾಗಿ ಸಮುದ್ರದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಪ್ರಮಾಣ ಸಹಜವಾಗಿಯೇ ಏರಿಳಿಯುತ್ತದೆ. ಜಪಾನಿನ ಹೊಕ್ಕೈಡೊ ದ್ವೀಪದ ತೊಮಾಕೊಮಾಯ್‌ನಲ್ಲಿ 2016ರ ಏಪ್ರಿಲ್‌ನಲ್ಲಿ ಸಂಗ್ರಹಣೆ ಆರಂಭವಾಯಿತು. ಕೆಲವೇ ವಾರಗಳ ಬಳಿಕ ನಡೆದ ಸಮೀಕ್ಷೆಯಲ್ಲಿ ಮಾಪನಗಳು ನಿಗದಿತ ಮಿತಿಯನ್ನು ಮೀರಿದವು. ಇದು ಸೋರಿಕೆಯಲ್ಲ, ನೈಸರ್ಗಿಕ ಏರಿಳಿತ ಎಂಬ ತೀರ್ಮಾನಕ್ಕೆ ಬಂದ ಬಳಿಕ, 2017ರ ಫೆಬ್ರವರಿಯಲ್ಲಷ್ಟೇ ಕೆಲಸ ಪುನರಾರಂಭವಾಯಿತು. ಅಲ್ಲಿ 2019ರ ನವೆಂಬರ್ ವೇಳೆಗೆ 3 ಲಕ್ಷ ಟನ್ ಅನಿಲವನ್ನು ಸಂಗ್ರಹಿಸಲಾಯಿತು. ಸಂಗ್ರಹಣೆಗೆ ಮುನ್ನವೇ ದೀರ್ಘಕಾಲ ಅಳತೆ ಮಾಡಿ ಸಹಜ ಸ್ಥಿತಿಯನ್ನು ದಾಖಲಿಸುವುದು ಎಷ್ಟು ಅಗತ್ಯ ಎಂಬುದನ್ನು ಈ ಘಟನೆ ತೋರಿಸಿತು. ಮಿತಿ ತೀರಾ ಕಟ್ಟುನಿಟ್ಟಾಗಿದ್ದರೆ ಅನಗತ್ಯವಾಗಿ ಕೆಲಸ ನಿಲ್ಲುತ್ತದೆ. ಸಡಿಲವಾಗಿದ್ದರೆ ನಿಜವಾದ ಸೋರಿಕೆ ಗಮನಕ್ಕೆ ಬಾರದೆ ಹೋಗಬಹುದು.

ಕಾನೂನು

ಲಂಡನ್ ಒಡಂಬಡಿಕೆಯ ಶಿಷ್ಟಾಚಾರಕ್ಕೆ 2006ರಲ್ಲಿ ಅಂಗೀಕರಿಸಲಾದ ತಿದ್ದುಪಡಿಯು ಸಮುದ್ರತಳದ ಅಡಿಯ ಸಂಗ್ರಹಣೆಗೆ ಅವಕಾಶ ನೀಡಿತು. ಐರೋಪ್ಯ ಒಕ್ಕೂಟದ 2009ರ ನಿರ್ದೇಶನವು ಮೇಲ್ವಿಚಾರಣೆಯನ್ನು ಕಡ್ಡಾಯಗೊಳಿಸಿದೆ.

ಭಾರತದಲ್ಲಿ

ಇಂಗಾಲದ ಸೆರೆಹಿಡಿಯುವಿಕೆ, ಬಳಕೆ ಮತ್ತು ಸಂಗ್ರಹಣೆಯ ಕುರಿತ ನೀತಿ ಚೌಕಟ್ಟಿನ ವರದಿಯನ್ನು ನೀತಿ ಆಯೋಗವು 2022ರಲ್ಲಿ ಪ್ರಕಟಿಸಿತು. ಅದೇ ವರ್ಷ ಇಂಗಾಲದ ಸೆರೆಹಿಡಿಯುವಿಕೆ ಮತ್ತು ಬಳಕೆಗಾಗಿ ಎರಡು ರಾಷ್ಟ್ರೀಯ ಉತ್ಕೃಷ್ಟತಾ ಕೇಂದ್ರಗಳನ್ನು ಘೋಷಿಸಲಾಯಿತು. ಅವುಗಳಲ್ಲಿ ಒಂದು ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದೆ.